ಪಟಾಕಿಯ ಪಕ್ಕದ ಕುರ್ಚಿ

ಜೂನ್ 4, ಮಂಗಳವಾರ

ಇವತ್ತು ನನ್ನ ಪಕ್ಕದ ಕುರ್ಚಿಯಲ್ಲಿ ಪಟಾಕಿ ಕೂತಿದ್ದಳು! ಸಿನಿಮಾದ ಪಟಾಕಿ. ಪಟಪಟ ಮಾತಾಡಿ ಇಡೀ ಥಿಯೇಟರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳಲ್ಲ, ಅವಳೇ. ಅವಳ ನಿಜವಾದ ಹೆಸರು ಈಗ ಯಾರಿಗೂ ನೆನಪಿಲ್ಲ.

ಆಸ್ಪತ್ರೆಯ ಮೊದಲನೇ ಮಹಡಿ, ಮಾತು ಕಲಿಸುವ ವಿಭಾಗ, ಗೋಡೆಗೆ ಆನಿಸಿದ ನೀಲಿ ಕುರ್ಚಿಗಳ ಸಾಲು. ನಮ್ಮ ಯಜಮಾನರನ್ನು ಕಡೆಯ ಕುರ್ಚಿಯಲ್ಲಿ ಕೂರಿಸಿ, ಸೋತ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟು, ಈ ಕಡೆ ತಿರುಗುತ್ತೇನೆ, ಅದೇ ಮೂಗು, ಗಲ್ಲದ ಮೇಲೆ ಅದೇ ಮಚ್ಚೆ. ಕೂದಲು ಬೆಳ್ಳಗಾಗಿದೆ. ಬಾಯಿ ಒಂದು ಕಡೆ ಸ್ವಲ್ಪ ಇಳಿದಿದೆ. ಮದುವೆಗೆ ಮುಂಚೆ ನಾವು ಅಕ್ಕತಂಗಿಯರು ಸರದಿಯ ಮೇಲೆ ಕನ್ನಡಿ ಮುಂದೆ ನಿಂತು, ಮನೆಯಿಂದ ಹೊರಹಾಕಿದಾಗ ಅವಳು ಆಡುವ ಮಾತು ಹೇಳುತ್ತಿದ್ದೆವು: “ಈ ಬಾಗಿಲಿಗೆ ಬಣ್ಣ ಬಳಿದೋಳು ನಾನು. ಬೀಗ ಹಾಕೋಕೆ ನೀನ್ಯಾರು?” ಆ ‘ಯಾರು’ ಅವಳ ಗಂಟಲಲ್ಲಿ ಕೊನೆಗೆ ಸೀಳಿಕೊಂಡು ಮೇಲೇರುತ್ತಿತ್ತು. ನಮಗೆ ಯಾರಿಗೂ ಅದು ಬರಲೇ ಇಲ್ಲ.

“ಮೇಡಂ, ನೀವು ಅವರೇ ಅಲ್ವಾ?” ಅಂದೆ.

“ಹೌದು, ಅವರೇ. ಈಗ ಅವರಿಗೆ ಆಯಾಸ” ಅಂತ ಉತ್ತರ ಬಂದದ್ದು ಆಚೆ ಕಡೆ ಕೂತಿದ್ದ ದಪ್ಪ ಕನ್ನಡಕದ ಹೆಂಗಸಿನಿಂದ. ಅಕ್ಕನೋ ತಂಗಿಯೋ ಇರಬೇಕು. ನಾನು ಕೇಳಿದ್ದು ಪಟಾಕಿಯನ್ನು. ಕೆಲವರಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ.

ಒಳಗೆ ಮಾತಿನ ಟೀಚರ್ ಇವರನ್ನು, “ಬೆಳಗ್ಗೆ ಏನು ತಿಂದ್ರಿ ಸಾರ್?” ಅಂತ ಕೇಳಿದರು. ಇವರು ಬಾಯಿ ತೆರೆದರು. “ಬ್ರೆಡ್ಡು, ಹಾಲು. ಬಾಳೆಹಣ್ಣು ಅರ್ಧ ಬಿಟ್ಟರು” ಅಂದೆ. “ನಿದ್ದೆ ಬಂತಾ?” “ಚೆನ್ನಾಗಿ ಬಂತು” ಅಂದೆ. ಪಾಪ, ಇವರಿಗೆ ಯಾಕೆ ಕಷ್ಟ. ಸ್ಟ್ರೋಕ್ ಆದಾಗಿನಿಂದ ಇವರ ಬಾಯಿ ನಾನೇ.

ಪಟಾಕಿಯ ವಿಷಯ ಮನೆಗೆ ಬಂದು ಯಾರಿಗೆ ಹೇಳಲಿ? ಇವರು ಬಸ್ ಕಂಡಕ್ಟರ್. ಮೊದಲಾದರೆ ಡ್ಯೂಟಿ ಮುಗಿಸಿ ಬಂದು, ಚೀಲ ಮೊಳೆಗೆ ತಗುಲಿಹಾಕಿ, “ಹೂಂ, ರೇಡಿಯೋ ಹಚ್ಚು” ಅನ್ನುತ್ತಿದ್ದರು. ರೇಡಿಯೋ ಅಂದರೆ ನಾನು. ದಿನವಿಡೀ ಊರವರ ಗಲಾಟೆ ಕೇಳಿ ಬಂದ ಮನುಷ್ಯನಿಗೆ ಮನೆಯಲ್ಲಿ ನನ್ನ ವಟವಟವೂ ಬೇಕಿತ್ತು. ಈಗ ರೇಡಿಯೋ ಅನ್ನುವ ಪದವೇ ಹೊರಡುವುದಿಲ್ಲ. ಅದಕ್ಕೇ ಗಿರಾಕಿಗಳ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಬಟ್ಟೆ ಹೊಲಿಯುವವಳ ಮನೆಯಲ್ಲಿ ಬೇರೆ ಯಾವ ಪುಸ್ತಕ ಇರುತ್ತದೆ?

ಜೂನ್ 6, ಗುರುವಾರ

ಪಟಾಕಿ ಬರಲಿಲ್ಲ. ಒಳ್ಳೆ ಸೀರೆ ಉಟ್ಟು ಹೋಗಿದ್ದೆ, ದಂಡ.

ಸಂಜೆ ಇವರ ಬಸ್ಸಿನ ಡ್ರೈವರ್ ಬಂದಿದ್ದ. ಎಷ್ಟೋ ವರ್ಷದಿಂದ ಒಂದೇ ಬಸ್ಸಿನಲ್ಲಿ ಅವನು ಮುಂದೆ, ಇವರು ಹಿಂದೆ. ಇವರನ್ನು ಗುರುಗಳೇ ಅನ್ನುತ್ತಾನೆ, ನನ್ನನ್ನು ಅತ್ತಿಗೆ.

“ಅತ್ತಿಗೆ, ಜುಲೈ ಕೊನೇಲಿ ಮೆಡಿಕಲ್ ಬೋರ್ಡು. ಗುರುಗಳು ಅವರ ಮುಂದೆ ಕೂತು ತಾವೇ ಮಾತಾಡಬೇಕಂತೆ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಡಿಪೋದಲ್ಲಿ ಕೂತು ಮಾಡೋ ಕೆಲಸ ಏನಾದ್ರೂ ಕೊಡ್ತಾರೆ. ಇಲ್ಲಾಂದ್ರೆ ಮನೆಗೆ.”

“ನಾನೂ ಹೋಗ್ತೀನಲ್ಲ, ನಾನೇ ಹೇಳ್ತೀನಿ ಬಿಡು.”

“ಜೊತೇಲಿ ಕೂರಬಹುದು ಅತ್ತಿಗೆ. ಆದರೆ ನೀವು ತುಟಿ ಪಿಟಕ್ ಅನ್ನೋ ಹಾಗಿಲ್ಲ.”

ಗೋಡೆಯ ಮೇಲೆ ಇವರ ಯೂನಿಫಾರಂ ನೇತಾಡುತ್ತಿದೆ. ಎದ್ದ ಕೂಡಲೇ ಅದನ್ನು ನೋಡುತ್ತಾರೆ, ಮಲಗುವಾಗಲೂ ನೋಡುತ್ತಾರೆ. ಮನೆಯಲ್ಲೇ ಕೂತುಬಿಟ್ಟರೆ ಈ ಮನುಷ್ಯ ನನಗೆ ಉಳಿಯುವುದಿಲ್ಲ. ನನಗೆ ಭಯವಾಗಿದೆ.

ಜೂನ್ 13, ಗುರುವಾರ

ಟೀಚರ್ ಇವತ್ತು ಇವರನ್ನೂ ಪಟಾಕಿಯನ್ನೂ ಒಟ್ಟಿಗೆ ಕೂರಿಸಿದರು. ಇಬ್ಬರದೂ ಒಂದೇ ಪಾಡು. ಎಲ್ಲ ಅರ್ಥವಾಗುತ್ತದೆ, ಹೇಳಹೊರಟರೆ ಪದ ಸಿಗುವುದಿಲ್ಲ.

“ಯೋಚಿಸಿ ಹೇಳೋ ಮಾತು ಬರಲ್ಲ. ಆದರೆ ಹೇಳಿ ಹೇಳಿ ನಾಲಿಗೆಗೆ ರೂಢಿ ಆಗಿರೋದು ತಾನಾಗೇ ಬರಬಹುದು. ಅದನ್ನ ಹಿಡ್ಕೊಂಡೇ ಬೇರೆ ಮಾತಿಗೆ ಹೋಗೋಣ” ಅಂದರು ಟೀಚರ್. ಆಮೇಲೆ ಇವರ ಕಡೆ ತಿರುಗಿ, “ಮಾರ್ಕೆಟ್” ಅಂದರು.

ಇವರ ಬೆನ್ನು ನೆಟ್ಟಗಾಯಿತು. “ಮಾರ್ಕೆಟ್, ಗಡಿಯಾರದ ಕಂಬ, ಹಳೇ ಆಸ್ಪತ್ರೆ, ನೀರಿನ ಟ್ಯಾಂಕು, ಕಾಲೇಜು, ರೈಲ್ವೆ ಗೇಟು, ರೈಟ್ ರೈಟ್!” ಎಲ್ಲೂ ತಡವರಿಸಲಿಲ್ಲ. ನಾನು ಅತ್ತುಬಿಟ್ಟೆ. ಪಟಾಕಿ ಎಡಗೈಯಿಂದ ಮೇಜು ತಟ್ಟಿದಳು.

“ಯಾವ ಸ್ಟಾಪಲ್ಲಿ ಜನ ಜಾಸ್ತಿ ಸಾರ್?” ಅಂದರು ಟೀಚರ್. “ಮಾರ್ಕೆಟ್‌ನಲ್ಲೇ” ಅಂದೆ. ಪಟಾಕಿಯನ್ನು, “ಇವತ್ತು ಹೇಗಿದ್ದೀರಿ?” ಅಂದರೆ ಕನ್ನಡಕದವರು “ಪರವಾಗಿಲ್ಲ” ಅಂದರು. ಟೀಚರ್ ನಗುತ್ತಲೇ, “ನೀವಿಬ್ರೂ ಸ್ವಲ್ಪ ಹೊರಗೆ ಕೂತಿರಿ” ಅಂದುಬಿಟ್ಟರು.

ಆ ಕನ್ನಡಕದವರ ಬಾಯಿಯಿಂದಾಗಿ ನನ್ನನ್ನೂ ಹೊರಗೆ ಹಾಕಿದಂತಾಯಿತು. ಒಂದು ಮಾತೂ ಆಡಿಸದೆ ಕೂತಿದ್ದೆ. ಅವರೂ ಆಡಿಸಲಿಲ್ಲ.

ಜೂನ್ 20, ಗುರುವಾರ

ಇವತ್ತು ನಾನೊಂದು ಉಪಾಯ ಹೇಳಿದೆ. ಇವರಿಗೆ ಸ್ಟಾಪುಗಳಿದ್ದ ಹಾಗೆ ಪಟಾಕಿಗೆ ಆ ಬಾಗಿಲಿನ ಮಾತು ಇದೆಯಲ್ಲ! ಊರಿಗೆ ಊರೇ ಬಾಯಿಪಾಠ ಮಾಡಿದ ಮಾತು ಅವಳ ನಾಲಿಗೆಯ ಮೇಲೆ ಇಲ್ಲದೆ ಹೋಗುತ್ತದೆಯೇ? ಟೀಚರ್‌ಗೆ ಹೇಳಿದೆ. ಅವರಿಗೂ ಹಿಡಿಸಿತು. ಕನ್ನಡಕದವರು ಮಾತ್ರ “ಬೇಡ” ಅಂದರು. ಯಾಕೆ ಅಂದರೆ ಹೇಳಲಿಲ್ಲ.

“ಈ ಬಾಗಿಲಿಗೆ…” ಅಂತ ಟೀಚರ್ ಶುರು ಮಾಡಿಕೊಟ್ಟರು. ಪಟಾಕಿ ತಲೆ ಎತ್ತಿದಳು. ಕಣ್ಣಲ್ಲಿ ಅದೇ ಕಿಡಿ. ಗಲ್ಲ ಮುಂದೆ ಬಂತು. ಬಾಯಿ ತೆರೆದು ಹೇಳಿದಳು:

“ಒಂದು, ಎರಡು, ಮೂರು, ನಾಲ್ಕು. ಐದು, ಆರು, ಏಳು?”

ಮತ್ತೆ ಹೇಳಿಸಿದರು. ಮತ್ತೆ ಅಂಕಿಯೇ. ಮೂರನೇ ಸಲಕ್ಕೆ ಟೀಚರ್ ಮೆತ್ತಗೆ, “ಅಲ್ಲ ಮೇಡಂ, ಅಂಕಿ ಅಲ್ಲ” ಅಂದರು. ಪಟಾಕಿ ನಮ್ಮೆಲ್ಲರ ಮುಖ ನೋಡಿದಳು. ಕನ್ನಡಕದವರು ಎದ್ದು ಹೊರಗೆ ಹೋದರು.

ಅಂಥ ತಲೆ ಹೀಗೆ ಖಾಲಿಯಾಯಿತೇ! ಒಂದನೇ ಕ್ಲಾಸಿನ ಮಕ್ಕಳ ಹಾಗೆ ಅಂಕಿ ಹೇಳುವುದೆಂದರೆ.

ಜೂನ್ 23, ಭಾನುವಾರ

ಕೆಟ್ಟ ದಿನ. ಒಂದು ಕೋಟಿನ ಕೆಲಸ ಅರ್ಜೆಂಟ್ ಇತ್ತು. ಇವರಿಗೆ ಗಬಗಬ ಊಟ ತಿನ್ನಿಸುತ್ತಿದ್ದೆ. ನಡುವೆ ಇವರು, “ಹಳೇ ಆಸ್ಪತ್ರೆ” ಅಂದರು. ಚಮಚ ಮುಂದೆ ಮಾಡಿದೆ. “ಹಳೇ ಆಸ್ಪತ್ರೆ! ಹಳೇ ಆಸ್ಪತ್ರೆ!” “ಎದೆ ನೋವಾ? ತಲೆ ನೋವಾ? ಹೇಳ್ರೀ!” ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಓಡಿದೆ. ಎಲ್ಲ ನೋಡಿ ಡಾಕ್ಟರ್, “ಏನೂ ಆಗಿಲ್ಲವಲ್ಲಮ್ಮ” ಅಂದರು. ದಾರಿಯುದ್ದಕ್ಕೂ ಇವರು ಬೇಡ ಬೇಡ ಅಂತ ತಲೆ ಆಡಿಸುತ್ತಲೇ ಇದ್ದರು.

ಮನೆಗೆ ಬಂದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಕೋಟು ಹಾಗೇ ಬಿದ್ದಿದೆ.

ಜೂನ್ 27, ಗುರುವಾರ

ಇದನ್ನು ಹೇಗೆ ಬರೆಯಲಿ!

ನೀಲಿ ಕುರ್ಚಿಯಲ್ಲಿ ಬಗ್ಗಿ ಕೂತು ಇವರ ತೋಳಿನ ಗುಂಡಿಗೆ ಒಂದೆರಡು ಹೊಲಿಗೆ ಹಾಕುತ್ತಿದ್ದೆ. ಟೋಕನ್ ಕೌಂಟರಿನ ಕಡೆಯಿಂದ ಜೋರಾಗಿ ಕೇಳಿಸಿತು: “ಟೋಕನ್ ಕೊಟ್ಟೋರು ನೀವು. ಸರದಿ ಇಲ್ಲ ಅನ್ನೋಕೆ ನೀವ್ಯಾರು?”

ಅದೇ ಗಂಟಲು. ಅದೇ ‘ಯಾರು’, ಕೊನೆಗೆ ಸೀಳಿಕೊಂಡು ಮೇಲೇರುವುದು. ದೇವರೇ, ಪಟಾಕಿಗೆ ಮಾತು ಬಂತು ಅಂತ ತಲೆ ಎತ್ತಿದೆ. ಪಟಾಕಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಬಾಯಿ ಮುಚ್ಚಿತ್ತು. ಕೌಂಟರಿನ ಮುಂದೆ ನಿಂತಿದ್ದವರು ಕನ್ನಡಕದವರು.

ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿದುಹೋಯಿತು. ಇವರಿಬ್ಬರನ್ನೂ ಟೀಚರ್ ಒಳಗೆ ಕರೆದ ಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದರು.

“ನಾನು ಅವಳ ಅಕ್ಕನೂ ಅಲ್ಲ, ತಂಗಿನೂ ಅಲ್ಲ. ಅವಳಿಗೆ ಕಂಠದಾನ ಮಾಡ್ತಿದ್ದೆ. ಅವಳು ಬೇರೆ ಭಾಷೆಯಿಂದ ಬಂದೋಳು. ನಮ್ಮ ಮಾತು ಒಂದಕ್ಷರ ಬರ್ತಿರಲಿಲ್ಲ. ಅಂಥೋರಿಗೆ ಶೂಟಿಂಗಲ್ಲಿ ನಮ್ಮ ಅಂಕಿ ಮಾತ್ರ ಕಲಿಸಿ, ಮಾತಿನ ಬದಲು ಅದನ್ನೇ ಹೇಳು, ತುಟಿ ಆಡಿದ್ರೆ ಸಾಕು ಅನ್ನೋರು. ಆಮೇಲೆ ಕತ್ತಲೆ ಕೋಣೇಲಿ ನಿಂತು ಅವಳ ತುಟಿ ನೋಡ್ಕೊಂಡು ನಾನು ಮಾತು ಹಾಕಬೇಕು.”

“ಹಾಗಾದ್ರೆ ಆ ಬಾಗಿಲಿನ ಸೀನು?”

“ಒಂದು ಎರಡು ಮೂರು ನಾಲ್ಕು. ಅಷ್ಟೇ. ಮಗ್ಗಿ ಹೇಳೋ ಹಾಗೆ ಅಂಕಿ ಹೇಳ್ಕೊಂಡೇ ನಿಮ್ಮನ್ನೆಲ್ಲ ಅಳಿಸಿದಳು. ಮೊನ್ನೆ ಅವಳು ತಪ್ಪು ಹೇಳಲಿಲ್ಲಮ್ಮ. ಅವತ್ತು ಹೇಳಿದ್ದನ್ನೇ ಹೇಳಿದಳು. ನೀವೆಲ್ಲ ಅಲ್ಲ ಅಲ್ಲ ಅಂದ್ರಿ.”

“ಟೀಚರ್‌ಗೆ ಯಾಕೆ ಹೇಳಲಿಲ್ಲ ನೀವು?”

“ಹೊರಗೆ ಬಾಯಿ ಬಿಡಲ್ಲ ಅಂತ ಅವತ್ತು ಮಾತು ಕೊಟ್ಟಿದ್ದೆ. ಆಮೇಲೆ ಅವಳು ಭಾಷೆ ಕಲಿತಳು. ಆದರೆ ಜನಕ್ಕೆ ನನ್ನ ಗಂಟಲೇ ಅವಳದ್ದು. ಅವಳು ಬಾಯಿ ಬಿಟ್ರೆ ಬೇರೆ ಥರ ಕೇಳುತ್ತೆ ಅಂತ ಎಲ್ಲಿ ಹೋದರೂ ನಾನೇ ಮಾತಾಡಿದೆ. ಪ್ರೀತಿಯಿಂದಲೇ ಮಾಡಿದ್ದು. ಸುಮ್ಮನಿರೋದು ಅವಳಿಗೆ ರೂಢಿ ಆಯ್ತು. ಈಗ ಅವಳದೇ ಮಾತು ಯಾವುದು ಅಂತ ಹುಡುಕಿದ್ರೆ ನನಗೂ ಗೊತ್ತಿಲ್ಲ.”

ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನನಗೆ! ಅವರೇ ಎದ್ದು, ಬಾಗಿಲು ತಟ್ಟಿ, ಟೀಚರ್ ಹತ್ತಿರ ಎಲ್ಲ ಹೇಳಲು ಒಳಗೆ ಹೋದರು.

ಜುಲೈ 4, ಗುರುವಾರ

ಬಾಗಿಲಲ್ಲಿ ಒಂದು ಸಣ್ಣ ಗಾಜಿದೆ. ನಾವಿಬ್ಬರೂ ಹೊರಗೆ ನಿಂತು ಸರದಿಯ ಮೇಲೆ ಇಣುಕುತ್ತಿದ್ದೆವು. ಟೀಚರ್ ಇವತ್ತು ಅಂಕಿ ಬೇಡ ಅನ್ನಲಿಲ್ಲ. “ಅಂಕಿಯಲ್ಲೇ ಬೈಯಿರಿ ಮೇಡಂ” ಅಂದರು. ಪಟಾಕಿಯವರು ಇವರನ್ನು ಬೈದರು. “ಹನ್ನೊಂದು! ಹನ್ನೆರಡು! ಹದಿಮೂರು?” ಅಬ್ಬಾ, ಏನು ಬೈಗುಳ! ಇವರು ಬಿಡುತ್ತಾರೆಯೇ? ಕೈ ಎತ್ತಿ, “ನೀರಿನ ಟ್ಯಾಂಕು! ಕಾಲೇಜು!” ಅಂತ ಎದುರುತ್ತರ. ಆಮೇಲೆ ಅವರು ತುಂಬ ಮೆತ್ತಗೆ, “ಇಪ್ಪತ್ತು” ಅಂದರು. ಇವರು ಅವರನ್ನು ನೋಡಿ, “ರೈಲ್ವೆ ಗೇಟು” ಅಂದರು, ಸಮಾಧಾನ ಮಾಡುವ ಹಾಗೆ. ಇಬ್ಬರೂ ನಕ್ಕರು.

ಏನು ಮಾತಾಡಿಕೊಂಡರು ಅಂತ ನನಗೆ ಗೊತ್ತಿಲ್ಲ. ಆದರೆ ಮಾತಾಡಿಕೊಂಡರು.

ಇವರು ನಗುವುದನ್ನು ನೋಡಿ ಎಷ್ಟು ದಿನವಾಗಿತ್ತು.

ಜುಲೈ 7, ಭಾನುವಾರ

ಡ್ರೈವರ್ ಬಂದಿದ್ದ. “ಪಟಾಕಿ ಜೊತೆ ಫೋಟೋ ತೆಗೆಸಿಕೊಂಡ್ರಾ ಅತ್ತಿಗೆ? ಏನು ಮಾತಾಡಿದರು?” ಅಂತ ಒಂದೇ ಸಮ ಕೇಳಿದ. ಇಲ್ಲ ಅಂದೆ. ಕಂಠದ ವಿಷಯ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಬದಲಿಗೆ ನಾನೊಂದು ಕೇಳಿದೆ.

“ಹಳೇ ಆಸ್ಪತ್ರೆ ಸ್ಟಾಪಲ್ಲಿ ಇವರು ಏನು ಮಾಡ್ತಿದ್ರು?”

“ಅದೊಂದು ಕಥೆ ಅತ್ತಿಗೆ! ಅಲ್ಲಿ ಇಳಿಯೋರೆಲ್ಲ ವಯಸ್ಸಾದೋರು, ಕಾಲು ಕೈ ಸರಿ ಇಲ್ಲದೋರು. ಎಲ್ಲರೂ ನೆಲಕ್ಕೆ ಕಾಲಿಡೋ ತನಕ ಗುರುಗಳು ಬೆಲ್ಲೇ ಹೊಡೀತಿರಲಿಲ್ಲ. ನಾನು ಹಾರ್ನ್ ಹೊಡೆದ್ರೆ ಹಿಂದಿನಿಂದ ಕೂಗೋರು, ‘ಹಳೇ ಆಸ್ಪತ್ರೆ, ತಡ್ಕೊಳೋ!’ ಅಂತ. ಆಮೇಲೆ ಎಲ್ಲಿ ನಾನು ಅವಸರ ಮಾಡಿದ್ರೂ ಅದೇ ಮಾತು.”

ಇವರು ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಅವತ್ತು ಊಟ ಮಾಡಿಸುವಾಗ ಇಷ್ಟೇ ಹೇಳಿದ್ದು, ತಡಿ ಅಂತ. ನಾನು ಗಾಡಿ ಕರೆದೆ.

ಸಂಜೆ ಊಟಕ್ಕೆ ಕೂತಾಗ ಚಮಚ ಇವರ ಎಡಗೈಗೆ ಕೊಟ್ಟೆ. ತುಂಬ ಹೊತ್ತು ಹಿಡಿಯಿತು. ಅಂಗಿಯ ಮೇಲೂ ಚೆಲ್ಲಿತು, ಒಗೆದರಾಯಿತು.

ಜುಲೈ 16, ಮಂಗಳವಾರ

ಕುರ್ಚಿಗಳ ಸಾಲಿಗೆ ಒಬ್ಬ ಗಂಡಸು ಬಂದ. ಯಾರನ್ನೋ ನೋಡಲು ಬಂದವನು, ಕೈಯಲ್ಲಿ ಹಣ್ಣಿನ ಚೀಲ. ಪಟಾಕಿಯವರನ್ನು ಕಂಡವನೇ ಚೀಲ ನೆಲಕ್ಕಿಟ್ಟು ಮೊಬೈಲ್ ಎತ್ತಿದ. “ಮೇಡಂ! ನಮ್ಮಮ್ಮ ನಿಮ್ಮ ಅಭಿಮಾನಿ. ಆ ಬಾಗಿಲಿನ ಡೈಲಾಗ್ ಒಂದು ಸಲ ಹೇಳಿ ಮೇಡಂ, ಒಂದೇ ಸಲ.”

ಕನ್ನಡಕದವರ ಬಾಯಿ ತೆರೆಯಿತು. ಅವರು ಹೇಳಿದರೆ ಮುಗಿಯಿತಲ್ಲ, ಅದೇ ಗಂಟಲು ಅಲ್ಲೇ ಇದೆ. ಆದರೆ ಪಟಾಕಿಯವರು ತಿರುಗಿ ಅವರನ್ನು ಒಮ್ಮೆ ನೋಡಿದರು. ಕನ್ನಡಕದವರು ಬಾಯಿ ಮುಚ್ಚಿಕೊಂಡರು. ಕೈಚೀಲದ ಹಿಡಿಯನ್ನು ಅವರು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬೆರಳೆಲ್ಲ ಬಿಳಿಚಿಕೊಂಡವು. ಹೀಗೆ ಸುಮ್ಮನಿರುವುದು ಎಂಥ ಕೆಲಸ ಅಂತ ನಾನು ಕಣ್ಣಾರೆ ಕಂಡೆ.

ಪಟಾಕಿಯವರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಗಲ್ಲ ಮುಂದೆ ತಂದು, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

“ಒಂದು, ಎರಡು, ಮೂರು, ನಾಲ್ಕು. ಐದು, ಆರು, ಏಳು?”

ಮನೆ ಕಳೆದುಕೊಂಡ ಹೆಂಗಸು ಅಲ್ಲಿ ನಿಂತಿದ್ದಳು. ನನಗೆ ಬಾಗಿಲೂ ಕಂಡಿತು, ಬೀಗವೂ ಕಂಡಿತು. ಆ ಮನುಷ್ಯ ಬೆಪ್ಪಾಗಿ ಮೊಬೈಲ್ ಇಳಿಸಿದ. “ಅಯ್ಯೋ ಪಾಪ, ತಲೆ ಹೋಗಿದೆ” ಅಂತ ಗೊಣಗುತ್ತಾ ಚೀಲ ಎತ್ತಿಕೊಂಡು ಹೋದ. ಅವನಿಗೆ ಬಿಡಿಸಿ ಹೇಳಬೇಕು ಅಂತ ನನಗೆ ಅನ್ನಿಸಲಿಲ್ಲ.

ಇವರು ಎಡಗೈಯಿಂದ ಕುರ್ಚಿ ಗುದ್ದಿ ಕೂಗಿದರು, “ರೈಟ್ ರೈಟ್!”

ಜುಲೈ 23, ಮಂಗಳವಾರ

ನಾಡಿದ್ದು ಬೋರ್ಡು. ಹೊರಡುವಾಗ ಪಟಾಕಿಯವರು ಇವರ ಕಡೆ ಕೈ ಎತ್ತಿ, “ರೈ…ಟ್” ಅಂದರು. ಸಣ್ಣ, ಒರಟು ಗಂಟಲು. ಸಿನಿಮಾದಲ್ಲಿ ಯಾರೂ ಕೇಳದ ಗಂಟಲು. ಕನ್ನಡಕದವರು ಗೋಡೆ ಕಡೆ ತಿರುಗಿಕೊಂಡರು.

ಜುಲೈ 25, ಗುರುವಾರ

ಯೂನಿಫಾರಂ ಇಸ್ತ್ರಿ ಮಾಡಿ ತೊಡಿಸಿದೆ. ಗುಂಡಿ ಇವರೇ ಹಾಕಿಕೊಂಡರು. ಬೋರ್ಡಿನ ಕೋಣೆಯಲ್ಲಿ ಉದ್ದ ಮೇಜಿನ ಆಚೆ ಒಬ್ಬ ಡಾಕ್ಟರ್, ಒಬ್ಬ ಅಧಿಕಾರಿ. ನನಗೆ ಗೋಡೆ ಪಕ್ಕದ ಕುರ್ಚಿ ತೋರಿಸಿದರು.

ಹೆಸರು ಕೇಳಿದರು. ಇವರು ಹೇಳಿದರು. ಮಾಡುವ ಕೆಲಸ ಏನು ಅಂದರು. ಇವರು ಬಾಯಿ ತೆರೆದರು. ಬರಲಿಲ್ಲ. ಮತ್ತೆ ತೆರೆದರು. ಕಂಡಕ್ಟರ್ ಅನ್ನುವ ಪದ ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು. ಅಧಿಕಾರಿ ನನ್ನ ಕಡೆ ನೋಡಿದರು. ಬ್ಯಾ​ಗಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಾನು ಕಿಟಕಿ ನೋಡಿದೆ.

ಡಾಕ್ಟರ್ ಪೆನ್ನು ತೆಗೆದುಕೊಂಡು ಏನೋ ಬರೆಯಲು ಹೊರಟರು.

“ಹಳೇ ಆಸ್ಪತ್ರೆ” ಅಂದರು ಇವರು.

“ಏನು? ಆಸ್ಪತ್ರೆಗೆ ಹೋಗಬೇಕಾ?”

ಇಡೀ ಕೋಣೆಯಲ್ಲಿ ಅದರ ಅರ್ಥ ನನಗೊಬ್ಬಳಿಗೇ ಗೊತ್ತಿತ್ತು. ನಾಲಿಗೆ ಕಚ್ಚಿ ಹಿಡಿದೆ. ಇವರು ತಲೆ ಆಡಿಸಿ, ಎಡಗೈ ಎತ್ತಿ ತೋರಿಸಿದರು. “ಇ… ಇರಿ.” ಡಾಕ್ಟರ್ ಪೆನ್ನು ಕೆಳಗಿಟ್ಟರು. “ಬಸ್ಸು. ಟಿ… ಟಿಕೆಟ್. ನಾನು.”

ಅಧಿಕಾರಿ ಮುಂದೆ ಬಾಗಿದರು. “ಸರಿ, ಮಾರ್ಕೆಟಲ್ಲಿ ಹತ್ತಿದೀನಿ, ಕಾಲೇಜಿಗೆ ಹೋಗಬೇಕು. ಎಷ್ಟನೇ ಸ್ಟಾಪು?”

ಇವರು ತುಟಿಯೊಳಗೇ ಹೇಳಿಕೊಳ್ಳುತ್ತಾ ಬೆರಳು ಮಡಚಿದರು. ಕಂಬ, ಆಸ್ಪತ್ರೆ, ಟ್ಯಾಂಕು. ಆಮೇಲೆ ಗಲ್ಲ ಮುಂದೆ ಮಾಡಿ ಹೇಳಿದರು, “ನಾಲ್ಕು!” ಆ ನಾಲ್ಕು ಪಟಾಕಿಯವರದು. ಕಿಡಿಯೂ ಅವರದೇ. ಅಷ್ಟಕ್ಕೇ ಬಿಡದೆ, “ಮುಂದೆ… ಬಾಗಿಲು. ನೂಕಬೇಡಿ” ಅಂದರು. ಅಧಿಕಾರಿ ನಕ್ಕುಬಿಟ್ಟರು.

ಡಿಪೋದ ವಿಚಾರಣೆ ಕಿಟಕಿಯಲ್ಲಿ ಕೆಲಸ. ಆರು ತಿಂಗಳು ನೋಡುತ್ತಾರಂತೆ. ನೋಡಲಿ.

ಮನೆಗೆ ಬರುವಾಗ ಇವರದೇ ಬಸ್ಸು ಹತ್ತಿದೆವು. ಇವರು ಕಿಟಕಿ ಪಕ್ಕ, ಇವರ ಪಕ್ಕ ನಾನು. ಬಾಯಿ ತೆರೆದರೆ ಜೋರಾಗಿ ಅಳು ಬರುತ್ತದೆ ಅಂತ ಸುಮ್ಮನಿದ್ದೆ. ಹಳೇ ಆಸ್ಪತ್ರೆಯಲ್ಲಿ ಒಬ್ಬ ಅಜ್ಜಿ ಇಳಿಯುತ್ತಿದ್ದರು. ಹೊಸ ಕಂಡಕ್ಟರ್ ಬೆಲ್ಲಿಗೆ ಕೈ ಹಾಕಿದ. “ಇರಿ” ಅಂದರು ಇವರು. ಅವನು ಕೈ ತೆಗೆದ. ಅಜ್ಜಿ ಇಳಿದರು.

ಬಸ್ಸು ಹೊರಟ ಮೇಲೆ ಇವರು ನನ್ನ ಮುಖವನ್ನೇ ನೋಡುತ್ತಾ ಕೂತರು. ಎಡಗೈಯ ಎರಡು ಬೆರಳು ನನ್ನ ತೋಳಿಗೆ ತಾಗಿಸಿ ಏನೋ ತಿರುವಿದ ಹಾಗೆ ಮಾಡಿದರು. “ರೇ…” ಅಂದರು. ನಾನು ಕಾದೆ. ನೀರಿನ ಟ್ಯಾಂಕು ಬಂತು. “ರೇ… ರೇ…” ಕಾಲೇಜು ಬಂತು, ಹುಡುಗರೆಲ್ಲ ಗದ್ದಲ ಮಾಡುತ್ತಾ ಹತ್ತಿದರು. ನಾನು ಕಾಯುತ್ತಲೇ ಇದ್ದೆ.

“ರೇಡಿಯೋ” ಅಂದರು ಇವರು. “ಹಚ್ಚು.”

ಕಣ್ಣು ಮೂಗು ಎಲ್ಲ ಸೆರಗಿನಿಂದ ಒರೆಸಿಕೊಂಡು ಶುರು ಮಾಡಿದೆ: “ಅವತ್ತು ಆಸ್ಪತ್ರೇಲಿ ನನ್ನ ಪಕ್ಕದ ಕುರ್ಚೀಲಿ ಯಾರು ಬಂದು ಕೂತಿದ್ರು ಗೊತ್ತೇನ್ರೀ?”